ಏಳನೇ ಜಾಡಿ

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಹುಡುಕಬೇಕಾಗಿಲ್ಲ.

ಮೊನ್ನೆ ಶಿವಮೊಗ್ಗದ ನನ್ನ ಕೋಣೆಯಲ್ಲಿ ಹಳೆಯ ಟ್ರಂಕು ತೆರೆದಾಗ ತಳದಲ್ಲಿ ಔಷಧದ ಸೀಸೆಯೊಂದು ಸಿಕ್ಕಿತು. ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅದಕ್ಕಿನ್ನೂ ಅಂಟಿಕೊಂಡಿತ್ತು. ಒಂದು ಕಚ್ಚೆಂದರೆ ಒಂದು ಹೊತ್ತಿನ ಔಷಧ. ಬಿರಡೆ ತೆಗೆದೆ. ಸೋಂಪು, ಕರ್ಪೂರ... ತಕ್ಷಣ ಮುಚ್ಚಿದೆ.

ಪಟ್ಟಿ ಅಂಟಿಸಿದವರು ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯ ಕಾಂಪೌಂಡರ್ ಮಾಮ. ನ್ಯೂ ಟೌನಿನ ಡಾಕ್ಟರೊಬ್ಬರ ಶಾಪಿನಲ್ಲಿ ಔಷಧ ಕಲಸುತ್ತಿದ್ದರು. ನಾನಾಗ ಪಿ.ಯು.ಸಿ. ಮುಗಿಸಿ, ಕಂಡಕ್ಟರಿಂದ ಹಿಡಿದು ನಮ್ಮಪ್ಪನವರೆಗೆ ಎಲ್ಲರ ದನಿಯನ್ನೂ ಅಣಕಿಸುತ್ತ ತಿರುಗುತ್ತಿದ್ದೆ. ಪರೀಕ್ಷಾ ಕೋಣೆಯಲ್ಲಿ ತೊದಲುವ ನನ್ನನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಆ ಡಾಕ್ಟರ ದನಿ: ಮೂಗಿನಲ್ಲಿ ಹುಟ್ಟಿ ಕೆಮ್ಮಿನಲ್ಲಿ ಸಾಯುವಂಥದು.

ಮುಂದೇನು ಓದಲಿ ಎಂದು ಕೇಳಲು ದಿನವೂ ಶಾಪಿಗೆ ಹೋಗುತ್ತಿದ್ದೆ. "ಎಂ.ಬಿ.ಬಿ.ಎಸ್. ಹಾಕು. ಮಾರ್ಕ್ಸ್ ಸಾಲ್ದಿದ್ರೆ ಬಿ.ಫಾರ್ಮ. ಅದೂ ಸಿಗ್ದಿದ್ರೆ ಆಯುರ್ವೇದ. ಯಾವ್ದೂ ಇಲ್ದಿದ್ರೆ ಬಾ ಮಾರಾಯ, ನನ್ ಜೊತೆ ಬಾಟ್ಲಿ ತೊಳಿ" ಎನ್ನುತ್ತಿದ್ದರು ಮಾಮ. ಮೂರು ಕಾಲೇಜುಗಳ ಅರ್ಜಿಗಳನ್ನೂ ಅವರೇ ತರಿಸಿ ಜಾಡಿಗಳ ಹಿಂದೆ ಜೋಪಾನವಾಗಿ ಇಟ್ಟಿದ್ದರು.

ಆ ಶಾಪಿನಲ್ಲಿ ಚೀಟಿ ಬರೆಯುವ ಪದ್ಧತಿಯಿರಲಿಲ್ಲ. ಡಾಕ್ಟರು ಒಳಗಿನಿಂದ ಜಾಡಿಯ ನಂಬರು ಕೂಗುವರು, ಪರದೆಯ ಈಚೆ ಮಾಮ ತಲೆ ಎತ್ತದೆ ಸುರಿಯುವರು. ಹದಿನೈದು ವರ್ಷ ಅವರು ನಂಬಿದ್ದು ಆ ದನಿಯನ್ನು.

ಒಂದು ದಿನ ಹೊಳೆಯಾಚೆಯ ಹಳೇ ಊರಿನ ಅಜ್ಜಿಯೊಬ್ಬಳು ಮನೆಯಲ್ಲಿದ್ದ ಮೊಮ್ಮಗುವಿನ ಕೆಮ್ಮು ಹೇಳಿಕೊಂಡು ಹೊರಗೆ ಬಂದು ನಿಂತಳು. ಅಷ್ಟರಲ್ಲಿ ಯಾರೋ ಕರೆದರೆಂದು ಡಾಕ್ಟರು ನಂಬರು ಕೂಗದೆಯೇ ಹಿತ್ತಲ ಬಾಗಿಲಿನಿಂದ ಹೋದರು. ನೋಡಿದ್ದು ನಾನೊಬ್ಬನೇ. ಮೆಲ್ಲಗೆ ಒಳಹೊಕ್ಕು, ಅವರ ಕುರ್ಚಿಯಲ್ಲಿ ಕೂತು, ಕೆಮ್ಮಿ, ಕೂಗಿದೆ: "ಏಳು!"

ಏಳೇ ಏಕೆಂದರೆ, ಮೂಗಿನಲ್ಲಿ ಹೇಳಲು ಸೊಗಸಾಗಿತ್ತು.

ಮಾಮ ನಗುತ್ತಾರೆಂದು ಕಾದೆ. ನಗು ಬರಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಅಜ್ಜಿ ಹೋಗಿಯಾಗಿತ್ತು.

"ಹೇಗಿತ್ತು ಮಾಮ?"

ಅವರು ನನ್ನ ಹಿಂದಿದ್ದ ಖಾಲಿ ಕುರ್ಚಿಯನ್ನು ನೋಡಿದರು. "ಡಾಕ್ಟರೆಲ್ಲಿ?"

"ಆಗ್ಲೇ ಹೋದ್ರಲ್ಲ."

"ಔಷಧ ಅಜ್ಜಿಗೆ ತಾನೆ?"

"ಅಲ್ಲ, ಮೊಮ್ಮಗೂಗೆ..."

ಏಳನೇ ಜಾಡಿಯಲ್ಲಿದ್ದದ್ದು ಅಫೀಮು ಬೆರೆತ, ದೊಡ್ಡವರ ಹೊಟ್ಟೆನೋವಿನ ಔಷಧ. ಡಾಕ್ಟರನ್ನು ಹುಡುಕಿ ಹಳೇ ಊರಿಗೆ ಕರೆತರಲು ಶಾಪಿನ ಆಳನ್ನು ಓಡಿಸಿ, ಮಾಮ ನನ್ನನ್ನು ಸೈಕಲ್ಲಿನ ಹಿಂದೆ ಹತ್ತಿಸಿಕೊಂಡು ಸೇತುವೆ ದಾಟಿದರು. ಕೇಳಿ ಕೇಳಿ ಗಂಟೆಯ ಮೇಲೆ ಮನೆ ಸಿಕ್ಕಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲಿಗೆ ಬಂದಳು.

"ಮೆತ್ತಗೆ ಮಾತಾಡಿ ಸ್ವಾಮಿ. ಮೂರು ದಿನದಿಂದ ಕಣ್ಣು ಮುಚ್ಚಿರ್ಲಿಲ್ಲ, ಈಗ ನಿದ್ದೆ ಹತ್ತಿದೆ. ಎಂಥಾ ಔಷಧ ಕೊಟ್ರಿ!"

ಸೀಸೆಯಲ್ಲಿ ಔಷಧ ಒಂದು ಕಚ್ಚು ಇಳಿದಿತ್ತು. ಯಾರಿಗೂ ಕಾಣದಂತೆ ಅದನ್ನು ಜೇಬಿಗೆ ಹಾಕಿಕೊಂಡೆ.

ಮಾಮ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡರು. ಅದರ ಕತ್ತು ವಾಲಿತು. ಮುಖಕ್ಕೆ ನೀರು ಚಿಮುಕಿಸಿದರು, ಅಂಗಾಲು ಚಿವುಟಿದರು, ಹೆಸರು ಗೊತ್ತಿಲ್ಲದ್ದಕ್ಕೆ "ಏ ಪುಟ್ಟಾ, ಏ ಪುಟ್ಟಾ" ಎಂದು ಕೂಗಿದರು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು... ದೀಪ ಹಚ್ಚುವ ಹೊತ್ತಿಗೆ ಮಗು ಸಣ್ಣಗೆ ಅತ್ತಿತು.

"ನನ್ ಕೈತಪ್ಪು, ಸಾರ್" ಎಂದರು ಮಾಮ ಡಾಕ್ಟರಿಗೆ. ನೂರು ದನಿ ಬರುತ್ತಿದ್ದವನಿಗೆ ಆಗ ನನ್ನದೇ ದನಿ ಬರಲಿಲ್ಲ. ಡಾಕ್ಟರು ಅಲ್ಲೇ ಅವರನ್ನು ಕೆಲಸದಿಂದ ಬಿಡಿಸಿದರು. ತಿಂಗಳೊಳಗೆ ಮಾಮನ ಸಂಸಾರ ಊರು ಬಿಟ್ಟಿತು.

ಅವರು ತೀರಿಕೊಂಡ ಸುದ್ದಿ ಹೋದ ವಾರ ಬಂತು. ಸೀಸೆ ನನ್ನ ಮೇಜಿನ ಮೇಲಿದೆ. ನಾನೀಗ ಕಚೇರಿಯೊಂದರಲ್ಲಿ ಗುಮಾಸ್ತ. ಯಾರನ್ನಾದರೂ ಅಣಕಿಸು ಎಂದು ಜೊತೆಯವರು ಈಗಲೂ ಪೀಡಿಸುತ್ತಾರೆ. ಆ ಡಾಕ್ಟರ ದನಿಯೊಂದನ್ನು ಮತ್ತೆ ತೆಗೆದಿಲ್ಲ. ಮಾಮನಿಗೆ ಒಂದು ಕಾಗದ ಬರೆಯಬಹುದಿತ್ತು... ಬರೆಯಲಿಲ್ಲ.

ಅಂದು ಅಜ್ಜಿಯ ಮನೆಯಿಂದ ವಾಪಸು ಬರುವಾಗ ಸೇತುವೆಯ ಮೇಲೆ ಪೆದ್ದನಂತೆ ಕೇಳಿದ್ದೆ: "ಮಾಮ, ಮೂರು ಅರ್ಜೀಲಿ ನಾನು ಯಾವ್ದು ಹಾಕ್ಲಿ?"

ಅವರು ಸೈಕಲ್ ನಿಲ್ಲಿಸಿದರು.

"ನಿಂಗೆ ಡಾಕ್ಟರ ದನಿ ಬಂತು, ಡಾಕ್ಟರಿಗಿರ್ಬೇಕಾದ ಹೆದರಿಕೆ ಬರ್ಲಿಲ್ಲ. ಮೂರನ್ನೂ ಹರಿದು ಹೊಳೆಗೆ ಹಾಕು."