ಗಂಡ ಓದಿ ಹೇಳಿದ ಆರು ಅಂಕಿ

ನನಗೆ ತಪ್ಪು ದಾಖಲೆ ಕಂಡರೆ ಆಗುವುದಿಲ್ಲ, ಮೈ ಉರಿಯುತ್ತದೆ. ಈ ಗುಣ ಬಂದದ್ದು ಸಂಡೂರಿನ ಅದಿರು ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಕಳೆದ ವರ್ಷಗಳಿಂದ. ಅಲ್ಲಿ ಲಾರಿ ನಂಬರಿನಲ್ಲಿ ಒಂದು ಅಂಕಿ ಆಚೀಚೆಯಾದರೂ ಲಾರಿ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತಿತ್ತು. ಡ್ರೈವರ್ ಫೋನು ಮಾಡಿ ನನ್ನ ಇಡೀ ವಂಶವನ್ನು ಬೈಯುತ್ತಿದ್ದ. ಹಾಗೆ ಬೈಸಿಕೊಂಡು ಬೈಸಿಕೊಂಡು ನಾನು ತಪ್ಪು ಮಾಡುವುದನ್ನು ಬಿಟ್ಟೆ, ಬೇರೆಯವರ ತಪ್ಪನ್ನು ಕ್ಷಮಿಸುವುದನ್ನೂ ಬಿಟ್ಟೆ.

ಆಮೇಲೆ ಹೊಸಪೇಟೆಯ ಸಣ್ಣ ಕಂಪನಿಯೊಂದಕ್ಕೆ ಸೇರಿದೆ. ಒಬ್ಬರೇ ಡಾಕ್ಟರು ನಡೆಸುವ ಚಿಕ್ಕ ದವಾಖಾನೆಗಳಿಗೆ ಹೋಗಬೇಕು, ರಿಜಿಸ್ಟರಿನಲ್ಲಿರುವುದನ್ನು ಕಂಪ್ಯೂಟರಿಗೆ ಹಾಕಿಸಬೇಕು, ಅಲ್ಲಿಂದ ದೊಡ್ಡ ಆಸ್ಪತ್ರೆಗಳಿಗೆ ರೋಗಿಯ ದಾಖಲೆ ಭದ್ರವಾಗಿ ಹೋಗುವ ಹಾಗೆ ಮಾಡಿಕೊಡಬೇಕು. ದಾಖಲೆಗೆ ಬೀಗ ಬಿದ್ದಿರುತ್ತದೆ. ರೋಗಿಯ ಫೋನಿಗೆ ಆರು ಅಂಕಿ ಬರುತ್ತದೆ. ಅದನ್ನು ರೋಗಿ ಹೇಳಿದರೆ ಒಪ್ಪಿಗೆ ಕೊಟ್ಟಂತೆ, ಆಗಲೇ ದಾಖಲೆ ಹೊರಡುವುದು. ಸ್ಕೂಟಿ ಮೇಲೆ ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತುತ್ತ ಎಷ್ಟೋ ಡಾಕ್ಟರುಗಳಿಗೆ ಇದನ್ನು ಪಾಠ ಮಾಡಿದೆ. ನಾನು ಜೀವ ಉಳಿಸುವ ಕೆಲಸ ಮಾಡುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ಜಂಬ ಅಷ್ಟಿತ್ತು.

ಕಂಪ್ಲಿಯ ಡಾಕ್ಟರಮ್ಮನಿಗೆ ಅರವತ್ತು ದಾಟಿತ್ತು. ನಾನು ಹಾಕಿಕೊಟ್ಟ ಪಾಸ್‌ವರ್ಡನ್ನು ಮರುದಿನವೇ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದರು. ಕಿತ್ತು ಹರಿದು ಹಾಕಿದೆ.

"ಮರ್ತ್ರ ಏನ್ ಮಾಡ್ಲೆವ್ವ?"

"ನಿಮ್ಮ ಮನಿ ತಿಜೋರಿ ಕೀಲಿ ಬಾಗಲಿಗೆ ನೇತು ಹಾಕ್ತೀರೇನ್ರಿ?"

ಅವರು ನಕ್ಕರು. ನನ್ನ ತಾಯಿಯ ವಯಸ್ಸಿನವರನ್ನು ಹಾಗೆ ಗದರಿಸುವುದು ನನಗೆ ಖುಷಿ ಕೊಡುತ್ತಿತ್ತು, ಈಗ ಮುಚ್ಚಿಡುವುದೇನಿದೆ.

ಅವರ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕುವಾಗ ಒಂದು ವಿಚಿತ್ರ ಕಂಡಿತು. ಎಷ್ಟೋ ಹೆಂಗಸರ ಹೆಸರಿನ ಮುಂದೆ ವರ್ಷಗಟ್ಟಲೆ ಒಂದೇ ಮಾತು: ಸುಸ್ತು. ಬರೆದ ಔಷಧ, ರಕ್ತ ಹೆಚ್ಚಾಗುವ ಮಾತ್ರೆ. ಆದರೆ ಔಷಧದ ಕಪಾಟಿನಲ್ಲಿ ಮೂರ್ಛೆ ರೋಗದ ಮಾತ್ರೆ ಇತ್ತು, ಪ್ರತಿ ತಿಂಗಳು ಖಾಲಿಯೂ ಆಗುತ್ತಿತ್ತು. ರಿಜಿಸ್ಟರಿನಲ್ಲಿ ನೋಡಿದರೆ ಮೂರ್ಛೆ ರೋಗದವರು ಒಬ್ಬರೂ ಇಲ್ಲ. ಕೇಳಿದಾಗ ಡಾಕ್ಟರಮ್ಮ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ತಮ್ಮ ಕೈಚೀಲದಿಂದ ಒಂದು ನೋಟುಪುಸ್ತಕ ತೆಗೆದರು. ಮನೆಯವರಿಗೆ ಗೊತ್ತಾಗಬಾರದ ಕಾಯಿಲೆಗಳೆಲ್ಲ ಅದರಲ್ಲಿದ್ದವು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರಿಗೂ ಸುಸ್ತು. ಅದು ಅವರು ದವಾಖಾನೆ ತೆರೆದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ.

"ಹೆಂಗಸ್ರ ಹಿಂದ ಅತ್ತಿ ಬರ್ತಾಳ, ನಾದಿನಿ ಬರ್ತಾಳ. ರಿಜಿಸ್ಟರ್ ಇಣುಕಿ ನೋಡ್ತಾರ. ಸುಸ್ತು ಅಂದ್ರ ಯಾರೂ ಏನೂ ಅನ್ನಂಗಿಲ್ಲ" ಅಂದರು.

ಆ ನೋಟುಪುಸ್ತಕದಲ್ಲಿ ಮೆಟ್ರಿಯ ಒಬ್ಬ ಸೊಸೆ ಇದ್ದಳು. ತವರು ಚೋರನೂರು. ಹದಿನಾಲ್ಕರಲ್ಲಿ ಫಿಟ್ಸ್ ಶುರುವಾಗಿತ್ತು, ಮಾತ್ರೆಯಿಂದ ನಿಂತಿತ್ತು. ಅದನ್ನು ಹೇಳದೆ ತಾಯಿ ಅಕ್ಕಿ ಗಿರಣಿಯ ಮನೆಗೆ ಮದುವೆ ಮಾಡಿ ಕೊಟ್ಟಿದ್ದಳು. ರಕ್ತದ ಮಾತ್ರೆಯ ಡಬ್ಬಿಯಲ್ಲಿ ಫಿಟ್ಸಿನ ಮಾತ್ರೆ ಹಾಕಿಸಿಕೊಂಡು ಹೋಗಿ ಅತ್ತೆಯ ಎದುರಿಗೇ ನುಂಗುತ್ತಿದ್ದಳಂತೆ. ಮದುವೆಯಾಗಿ ನಾಲ್ಕು ವರ್ಷ, ಒಂದು ದಿನವೂ ಬಿದ್ದಿರಲಿಲ್ಲ. ಎರಡು ವರ್ಷದ ಮಗನಿದ್ದ. ಈಗ ಮತ್ತೆ ಐದು ತಿಂಗಳು, ಹೆರಿಗೆಗೆ ಹೊಸಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗುವವಳು.

ನಾನು ಬಿಡಲಿಲ್ಲ. ದೊಡ್ಡ ಆಸ್ಪತ್ರೆಯವರು ಸುಸ್ತು ಅಂತ ಓದಿ ಹೆರಿಗೆ ಮಾಡಿಸಲು ಹೋದಾಗ ಫಿಟ್ಸ್ ಬಂದರೆ ಯಾರು ಹೊಣೆ ಅಂತ ಕೇಳಿದೆ. ಎರಡು ಜೀವ ಹೋದರೆ ನಿಮ್ಮ ನೋಟುಪುಸ್ತಕ ತಂದು ಕೊಡುತ್ತದೆಯೇ ಅಂದೆ. ಡಾಕ್ಟರಮ್ಮನ ಮುಖ ಇಳಿಯಿತು.

"ಕೈಯಾಗ ಚೀಟಿ ಬರ್ದು ಕೊಡ್ತೀನವ್ವ, ಅಕಿ ಅದನ್ನ ಅಲ್ಲಿ ತೋರಿಸ್ತಾಳ. ಕಂಪ್ಯೂಟರಿಗೆ ಬ್ಯಾಡ."

"ಚೀಟಿ ಯಾರರ ಓದಬಹುದ್ರಿ. ಇದನ್ನ ಯಾರೂ ಓದಾಕಾಗಂಗಿಲ್ಲ. ಬೀಗ ಐತಿ."

ಅವರು ನೋಟುಪುಸ್ತಕವನ್ನು ನನ್ನ ಕಡೆ ಸರಿಸಿ, ಅವಳೊಬ್ಬಳದು ಮಾತ್ರ ಹಾಕು ಅಂದರು. ಹಾಕಿದೆ. ಸುಸ್ತು ಅಳಿಸಿ ಮೂರ್ಛೆ ರೋಗ ಎಂದು ಬರೆದೆ. ಎಂದಿನಿಂದ, ಯಾವ ಮಾತ್ರೆ, ಎಷ್ಟು, ಎಲ್ಲ ಸೇರಿಸಿದೆ. ಒಂದು ಕೆಟ್ಟ ದಾಖಲೆ ಸರಿಯಾದ ಸಮಾಧಾನ ನನಗೆ.

ಇನ್ನು ಒಪ್ಪಿಗೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಗಂಡನ ನಂಬರು. ನಮ್ಮ ಕಡೆ ದವಾಖಾನೆಯಲ್ಲಿ ಹೆಂಗಸರು ನಂಬರು ಕೇಳಿದರೆ ಗಂಡನದೇ ಕೊಡುವುದು. ತಮ್ಮದೊಂದು ಫೋನಿದ್ದರೂ ಗಂಡನದೇ. ನಾನೂ ಮದುವೆಯಾದ ಹೊಸತರಲ್ಲಿ ಹಾಗೇ ಕೊಟ್ಟವಳು. ಅದಕ್ಕೇ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಆ ನಂಬರಿಗೆ ಆರು ಅಂಕಿ ಕಳಿಸಿ, ಫೋನು ಹಚ್ಚಿದೆ. ಹಿಂದೆ ಗಿರಣಿಯ ಸದ್ದು.

"ಕಂಪ್ಲಿ ದವಾಖಾನಿಯಿಂದ್ರಿ. ನಿಮ್ಮ ಮನಿಯವ್ರ ರೆಕಾರ್ಡು ಹೊಸಪೇಟಿಗೆ ಕಳಸಾಕತ್ತೀವಿ. ಮೆಸೇಜ್ ಬಂದೈತಲ್ರಿ, ಅಂಕಿ ಹೇಳ್ರಿ ಜಲ್ದಿ."

ಪಾಪ, ಒಳ್ಳೆಯ ಮನುಷ್ಯ. ಒಂದೊಂದಾಗಿ ಓದಿ ಹೇಳಿದ. ಥ್ಯಾಂಕ್ಸ್ ಕೂಡ ಹೇಳಿದ. ಹೆಂಡತಿಯ ಒಪ್ಪಿಗೆಯನ್ನು ಗಂಡನ ಬಾಯಿಂದ ಪಡೆದು ನಾನು ಬಟನ್ ಒತ್ತಿದೆ. ಬೀಗ ಗಟ್ಟಿಯಾಗಿಯೇ ಇತ್ತು. ಅದರ ಕೀಲಿಯನ್ನು, ಯಾರಿಂದ ಮುಚ್ಚಿಡಬೇಕಿತ್ತೋ ಅವನ ಅಂಗಿಯ ಜೇಬಿಗೇ ಹಾಕಿಬಿಟ್ಟಿದ್ದೆ. ನಮ್ಮ ಕಂಪನಿಯ ವ್ಯವಸ್ಥೆ ಬಹಳ ಚೆನ್ನಾಗಿದೆ. ಕಳಿಸಿದ ಕೂಡಲೇ, ನಿಮ್ಮ ದಾಖಲೆ ಕಳಿಸಲಾಗಿದೆ, ನೋಡಲು ಇಲ್ಲಿ ಒತ್ತಿ ಅಂತ ಅದೇ ಫೋನಿಗೆ ಕನ್ನಡದಲ್ಲೇ ಮೆಸೇಜು ಹೋಗುತ್ತದೆ.

ಅವನು ಒತ್ತಿದ.

ಹತ್ತು ದಿನದ ಮೇಲೆ ಡಾಕ್ಟರಮ್ಮ ಫೋನು ಮಾಡಿದರು. ಗಿರಣಿಯ ಮನೆಯಲ್ಲಿ ಹಿರಿಯರು ಕೂಡುತ್ತಾರಂತೆ. ರೋಗ ಮುಚ್ಚಿಟ್ಟು ಮದುವೆ ಮಾಡಿದರೆಂದು ಸೊಸೆಯನ್ನು ತವರಿಗೆ ಅಟ್ಟುವ ಮಾತು. ಅಂಥ ರೋಗದವಳ ಕೈಗೆ ಗಂಡುಮಗುವನ್ನು ಕೊಡುವುದಿಲ್ಲವಂತೆ. ಡಾಕ್ಟರಮ್ಮ ಅವರ ಮುಂದೆ, ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕಾಯಿಲೆ ಇವಳ ಹೆಸರಿಗೆ ಬಂದಿದೆ ಅಂದುಬಿಟ್ಟಿದ್ದರು. ಹಾಗಾದರೆ ಕಂಪ್ಯೂಟರಿನವಳನ್ನೇ ಕರೆಸಿ ಅಂದಿದ್ದಾರೆ.

"ಒಂದ ಮಾತವ್ವ. ಮಿಸ್ಟೇಕ್ ಆಗೈತಿ ಅನ್ನು ಸಾಕು. ನಿನ್ನ ಕೈ ಮುಗೀತೀನಿ" ಅಂದರು.

ಹೋದೆ. ಗಿರಣಿಯ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು, ಮಾವ, ಗಂಡ. ಡಾಕ್ಟರಮ್ಮ ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸೊಸೆ ಒಳಬಾಗಿಲಲ್ಲಿ ಮಗನನ್ನು ಎತ್ತಿಕೊಂಡು ನಿಂತಿದ್ದಳು. ಅವಳನ್ನು ನೋಡಿದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ಅವಳು ನನಗೆ ಸ್ಕ್ರೀನಿನ ಮೇಲಿನ ಒಂದು ಸಾಲಾಗಿದ್ದಳು.

ಮಾವ ಬಹಳ ಮರ್ಯಾದೆಯಿಂದ ಮಾತಾಡಿದರು. "ಕುಂದ್ರಿ. ಚಾ ಕುಡೀರಿ. ಡಾಕ್ಟರಮ್ಮ ಅಂತಾರ, ನಿಮ್ಮ ಕಂಪ್ಯೂಟರ್ ತಪ್ಪು ತೋರಿಸೇತಂತ. ಹಂಗ ಆಗತೈತೇನ್ರಿ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಹೂಂ ಅನ್ನಲೆಂದೇ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆದರೆ ಅವರಲ್ಲೊಬ್ಬ ಹಿರಿಯ ನಕ್ಕು, "ಈ ಹುಡುಗ್ಯಾರಿಗೆ ಏನ್ ಬರತೈತ್ರಿ, ಯಾರ್ದೋ ತಲಿ ಯಾರಿಗೋ ಹಚ್ಚಿರ್ತಾರ" ಅಂದ. ನನಗೆ ಸಿಟ್ಟು ನೆತ್ತಿಗೇರಿತು. ನಾನು ತಪ್ಪು ಮಾಡುವವಳಲ್ಲ. ಇದು ಊರಲ್ಲೆಲ್ಲ ಹಬ್ಬಿದರೆ ಬೇರೆ ದವಾಖಾನೆಯವರು ನಾಳೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ ಅಂತಲೂ ಆ ಕ್ಷಣದಲ್ಲೇ ಹೊಳೆಯಿತು. ಅಷ್ಟು ಚುರುಕಾಗಿ ನನ್ನ ತಲೆ ನನ್ನ ಬಗ್ಗೆ ಮಾತ್ರ ಓಡುತ್ತದೆ.

"ನಮ್ಮ ಕಂಪ್ಯೂಟರಿನ್ಯಾಗ ಹಂಗ ಆಗಂಗಿಲ್ರಿ" ಅಂದೆ. "ಅದ್ರಾಗ ಇರೋದು ಖರೇನ ಐತಿ."

ಯಾರೂ ಕೂಗಾಡಲಿಲ್ಲ. ಮಾವ ತಲೆಯಾಡಿಸಿದರು. ಅತ್ತೆ ಬಂದು ಸೊಸೆಯ ಕೈಯಿಂದ ಮಗುವನ್ನು ತೆಗೆದುಕೊಂಡಳು. ತೊಟ್ಟಿಲಿಗೆ ಹಾಕಲು ಒಯ್ಯುವಂತೆ, ಅಷ್ಟು ಮೆತ್ತಗೆ. ಮಗು ಅಳಲಿಲ್ಲ, ಅದಕ್ಕೆ ಅಜ್ಜಿಯೂ ಬೇಕಾದವಳೇ. ಡಾಕ್ಟರಮ್ಮ ನನ್ನ ಕಡೆ ನೋಡದೆ ಎದ್ದು ಹೋದರು. ನಾನು ಹೊರಡುವಾಗ ಮಾವ ಬಾಗಿಲವರೆಗೆ ಬಂದು, ಖರೆ ಮಾತಾಡುವವರು ಈಗ ಸಿಗುವುದಿಲ್ಲ, ನನ್ನ ಅಳಿಯನದೂ ಒಂದು ದವಾಖಾನೆ ಇದೆ, ನಿಮ್ಮ ನಂಬರು ಕೊಡಿ ಅಂದರು. ಕೊಟ್ಟೆ. ಮುಂದಿನ ತಿಂಗಳು ಹೋಗಿ ಅದನ್ನೂ ಜೋಡಿಸಿ ಬಂದೆ.

ಸುಮಾರು ಆರು ತಿಂಗಳ ಮೇಲೆ ಆ ಸೊಸೆ ನಮ್ಮ ಹೊಸಪೇಟೆ ಆಫೀಸಿಗೆ ಬಂದಳು. ತೋಳಿನಲ್ಲಿ ಎಳೆಯ ಹೆಣ್ಣುಕೂಸು. ಚೋರನೂರಿನಲ್ಲೇ ಇದ್ದಾಳಂತೆ. ಹೆರಿಗೆ ಸಂಡೂರಿನಲ್ಲಾಯಿತಂತೆ, ಕಾಯಿಲೆಯ ವಿಷಯ ತಾಯಿಯೇ ಅಲ್ಲಿ ಬಾಯಿಂದ ಹೇಳಿದಳಂತೆ. ಮಗನನ್ನು ಗಂಡನ ಮನೆಯವರು ಒಂದು ಸಲವೂ ತೋರಿಸಿಲ್ಲವಂತೆ. ಬೈಯಲು ಬಂದಿದ್ದಾಳೆಂದು ನಾನು ಗಟ್ಟಿಯಾಗಿ ಕೂತೆ. ಅವಳು ಬೈಯಲಿಲ್ಲ. ಆ ದಾಖಲೆಯನ್ನು ತೆಗೆಸಲು ಬಂದಿದ್ದಳು.

ತೆಗೆಯಲು ಬರುವುದಿಲ್ಲ ಅಂದೆ. ಆದರೂ ಅವಳ ಸಮಾಧಾನಕ್ಕೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಯಾರು ಎಷ್ಟು ಸಲ ಅದನ್ನು ತೆರೆದರೆಂದು ಪಕ್ಕದಲ್ಲೇ ಬಂದಿತ್ತು. ಗಂಡನ ಫೋನು, ಹದಿನೇಳು ಸಲ. ಹೊಸಪೇಟೆಯ ಆಸ್ಪತ್ರೆ, ಸೊನ್ನೆ. ದಾಖಲೆ ಹೋದ ಮೇಲೆ, ಅವಳು ಇನ್ನೂ ಮೆಟ್ರಿಯಲ್ಲೇ ಇದ್ದಾಗ, ಒಂದು ಸಲ ಅಲ್ಲಿ ತೋರಿಸಿಕೊಂಡು ಬಂದಿದ್ದಳಂತೆ. ಆಗಲೂ ಯಾರೂ ತೆರೆದಿರಲಿಲ್ಲ.

ಸ್ಕ್ರೀನು ನನ್ನ ಕಡೆ ತಿರುಗಿತ್ತು. ಅವಳಿಗೆ ಕಾಣುತ್ತಿರಲಿಲ್ಲ.

"ದೊಡ್ಡ ದವಾಖಾನ್ಯಾಗ ನೋಡ್ಯಾರೇನ್ರಿ ಇದನ್ನ?" ಅಂತ ಕೇಳಿದಳು. "ಡಾಕ್ಟರಿಗೆ ಉಪಯೋಗ ಆತೇನ್ರಿ?"

"ನೋಡ್ಯಾರ್ರಿ" ಅಂದೆ. "ಭಾಳ ಉಪಯೋಗ ಆತಂತ."

ಅವಳು ಕೂಸಿನ ತಲೆ ಸವರಿದಳು. "ಹಂಗಾದ್ರ ಇರ್ಲಿ ಬಿಡ್ರಿ" ಅಂದು ಎದ್ದಳು. ಸಂಡೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದಳು, ಹೇಳಿದೆ.