ಗುಂಡುಸೂಜಿಯಲ್ಲಿ ನಿಂತ ಅಂಗಿ

ನಮ್ಮ ಬೀದಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಅನ್ನುವುದೇ ದೊಡ್ಡ ಮಾತು. ಒಂದು ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ. ಆ ಮನುಷ್ಯ ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ; ಹಾಗಾಗಿ ಕೂತೇ ಅರ್ಧ ಆಯಸ್ಸು ಸವೆಸಿದ್ದಾನೆ. ಹೊಸ ಬಟ್ಟೆ ಹೊಲಿಸುವವರು ಈಗ ಯಾರಿದ್ದಾರೆ? ಬಿಗಿಯಾದದ್ದನ್ನು ಸಡಿಲಿಸುವುದು, ಉದ್ದವಾದದ್ದನ್ನು ಮೊಟಕು ಮಾಡುವುದು, ಇದೇ ಅವನ ಕಸುಬು. ಅಂಗಿಯ ಕಾಲರಿನ ಅಂಚಿಗೆ ಸದಾ ಗುಂಡುಸೂಜಿ ಸಿಕ್ಕಿಸಿಕೊಂಡಿರುತ್ತಾನೆ. ಅದಕ್ಕೇ ಬೀದಿಗೆಲ್ಲ ಅವನು ಸೂಜಿಯಣ್ಣ.

ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಮಾತು ನಿಂತುಹೋಯಿತು. ಮಕ್ಕಳಿಲ್ಲ. ಗೋಡೆಗೂ ಕಿವಿ ಇರುತ್ತದೆ ಅಂತಾರೆ. ಕಿವಿ ಇದ್ದು ಏನು ಬಂತು, ಮರುಮಾತಿಗೆ ಬಾಯಿ ಬೇಡವೇ? ದೂರದಲ್ಲಿರುವ ತಂಗಿ ಆಗೀಗ ಫೋನು ಮಾಡಿ, "ಅಣ್ಣಾ, ಊಟ ಆಯ್ತಾ?" ಅನ್ನುತ್ತಾಳೆ. "ಆಯ್ತಮ್ಮ" ಅನ್ನುತ್ತಾನೆ. ಅಲ್ಲಿಗೆ ಆ ವಾರದ ಸಂಸಾರ ಮುಗಿಯಿತು.

ಇಂಥವನು ಇಂಗ್ಲಿಷ್ ಕಲಿಯಲು ಹೊರಟದ್ದು ಒಂದು ಪ್ಯಾಂಟಿನ ದೆಸೆಯಿಂದ. ಮೇಲಿನ ರಸ್ತೆಯ ದೊಡ್ಡ ಬಟ್ಟೆ ಅಂಗಡಿಯವರು ಉಡುಪಿಗೆ ಇಂಗ್ಲಿಷ್ ಚೀಟಿ ಸಿಕ್ಕಿಸಿ ಇವನಿಗೆ ಕಳಿಸುತ್ತಿದ್ದರು. ಒಂದು ದಿನ 'ಲೆಟ್ ಡೌನ್' ಅಂತ ಬಂತು. ಮಡಿಕೆ ಬಿಚ್ಚಿ ಉದ್ದ ಬಿಡಬೇಕಿತ್ತು. ಇವನು ಡೌನ್ ಅಂದರೆ ಇಳಿಸು, ಇಳಿಸು ಅಂದರೆ ಕಡಿಮೆ ಮಾಡು ಅಂತ ಕತ್ತರಿ ಆಡಿಸಿಬಿಟ್ಟ. ಪ್ಯಾಂಟು ತೊಟ್ಟ ಗಿರಾಕಿ ಹೊಳೆ ದಾಟಲು ಹೊರಟವನ ಹಾಗೆ ಕಂಡನಂತೆ.

ಆಗ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಾನು ಅಲ್ಲೇ ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದುವವನು. ನನ್ನ ವಿದ್ಯೆಯೆಲ್ಲ ಆ ಬೆಂಚಿನ ಮೇಲೇ ಆದದ್ದು, ಯಾವ ಮೇಷ್ಟರ ಬೆತ್ತದ ಋಣವೂ ನನಗಿಲ್ಲ. ತೆರೆದ ಬಾಗಿಲಿನಿಂದ ಪಾಠವೆಲ್ಲ ಕಿವಿಗೆ ಬೀಳುತ್ತಿತ್ತು. ಹೇಳಿಕೊಡುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ಮೇಡಂ. ಅವರೂ ಒಂಟಿ; ಗಂಡ ಹೋಗಿ ಬಹಳ ಕಾಲವಾಗಿರಲಿಲ್ಲ.

"ಈ ಭಾಷೆಯಲ್ಲಿ ಕ್ರಿಯಾಪದ ಪಾಪದ ಪ್ರಾಣಿ. ಕಾರುಬಾರೆಲ್ಲ ಅದರ ಹಿಂದೆ ಬರೋ ಬಾಲದ್ದು" ಅನ್ನುವರು ಮೇಡಂ. "ಗಿವ್ ಅಂದ್ರೆ ಕೊಡು. ಗಿವ್ ಅಪ್ ಅಂದ್ರೆ ಕೈಬಿಡು. ಗಿವ್ ಇನ್ ಅಂದ್ರೆ ಸೋತು ಒಪ್ಪಿಕೋ."

"ಇದೇನು ಮೇಡಂ, ಕೊಡೋ ಮಾತಲ್ಲಿ ಕೊಡೋದೇ ಕಾಣೆ!" ಅಂದ ಸೂಜಿಯಣ್ಣ.

"ನಮ್ಮಲ್ಲಿ ಇಲ್ವೇನ್ರೀ? ಸುಳ್ಳು ಹೊಡೀತೀವಿ, ಗೊರಕೆ ಹೊಡೀತೀವಿ, ಕಣ್ಣು ಹೊಡೀತೀವಿ. ಯಾರಿಗೆ ಪೆಟ್ಟಾಯ್ತು?"

"ಕಣ್ಣು ಹೊಡೆದವನಿಗೇ ಆಗತ್ತೆ ಮೇಡಂ, ಆಮೇಲೆ."

ಮೇಡಂ ಬಿದ್ದು ಬಿದ್ದು ನಕ್ಕರು. ಆ ನಗು ಕೇಳಿ ಸೂಜಿಯಣ್ಣನ ಮುಖ ಅರಳಿದ್ದನ್ನು ನಾನು ಪತ್ರಿಕೆಯ ಅಂಚಿನಿಂದ ಕಂಡೆ. ಅವನ ಮಾತಿಗೆ ಒಬ್ಬರು ನಕ್ಕು ಎಷ್ಟು ಕಾಲವಾಗಿತ್ತೋ.

ಬಾಲಗಳನ್ನು ಅವನು ಬಟ್ಟೆಯಲ್ಲೇ ಕಲಿತ. ಟೇಕ್ ಇನ್ ಅಂದರೆ ಪಕ್ಕದ ಹೊಲಿಗೆ ಒಳಗೆ ಹಿಡಿದು ಅಗಲ ಕಿರಿದು ಮಾಡು. ಟೇಕ್ ಅಪ್ ಅಂದರೆ ಅಂಚು ಮೇಲಕ್ಕೆ ಮಡಚು. ಲೆಟ್ ಔಟ್ ಅಂದರೆ ಒಳಗೆ ಬಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡು. ಚೀಟಿ ಓದುವಷ್ಟು ಬಂದ ಮೇಲೂ ಅವನು ಹೋಗುವುದನ್ನು ಬಿಡಲಿಲ್ಲ. ಸಂಜೆಯಾದರೆ ಮುಖ ತೊಳೆದು, ತಲೆ ಬಾಚಿ, ಅಂಗಡಿಗೆ ಬೀಗ ಹಾಕಿ ಹೊರಟುಬಿಡುತ್ತಿದ್ದ.

ಉಳಿದವರು ಮಾತ್ರ ಒಬ್ಬೊಬ್ಬರಾಗಿ ಕಳಚಿಕೊಂಡರು. ಗಡಿಯಾರ ರಿಪೇರಿಯವನಿಗೆ ಬೇಸರ ಬಂತು. ವ್ಯಾನಿನ ಚಾಲಕನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಕೊನೆಗೆ ಅಷ್ಟು ಬೆಂಚುಗಳ ನಡುವೆ ಉಳಿದವನು ಸೂಜಿಯಣ್ಣ ಒಬ್ಬನೇ.

ಗ್ರಂಥಾಲಯದ ಮೇಲ್ವಿಚಾರಕನಿಗೆ ಆ ಕೋಣೆಯ ಮೇಲೆ ಕಣ್ಣಿತ್ತು, ಕಂಪ್ಯೂಟರ್ ಇಡಬೇಕಂತೆ. ಮನುಷ್ಯ ಕೆಟ್ಟವನಲ್ಲ, ಲೆಕ್ಕಾಚಾರದವನು. "ನೋಡಿ ಮೇಡಂ, ನಾಳೆ ನಾನೇ ಇವರನ್ನ ಪರೀಕ್ಷೆ ಮಾಡ್ತೀನಿ. ಬಂತೋ, ಕಲಿತಾಯ್ತು, ಕೋಣೆ ಬಿಡಿ. ಬರ್ಲಿಲ್ವೋ, ಇನ್ನೊಂದು ವರ್ಷ ನಡೆಸಿ" ಅಂದ.

ಆ ಸಂಜೆ ದಾರಿಯಲ್ಲಿ ಸೂಜಿಯಣ್ಣ ನನ್ನನ್ನು ತಡೆದು, "ಬರಲ್ಲ ಅಂತ ತೋರಿಸೋದು ಕಷ್ಟವಾ ಯಜಮಾನ್ರೇ?" ಅಂದ.

"ಅದೇನು ಕಷ್ಟವಯ್ಯಾ, ದಡ್ಡತನಕ್ಕೆ ಬಂಡವಾಳ ಬೇಕಾ?" ಅಂದೆ.

ಮರುದಿನ ಮೇಡಂ ಕೈಚೀಲದಲ್ಲಿ ಒಂದು ಅಂಗಿ ತಂದಿದ್ದರು. ಗಂಡನದು. ಮನೆಯಲ್ಲಿ ತಾವೇ ತೊಟ್ಟುಕೊಳ್ಳುವ ಹಾಗೆ ಚಿಕ್ಕದು ಮಾಡಿಸಿಕೊಳ್ಳೋಣ ಅಂತ. ಮೇಲ್ವಿಚಾರಕ ಅದನ್ನು ಕಂಡದ್ದೇ ಎತ್ತಿ ಕುರ್ಚಿಯ ಬೆನ್ನಿಗೆ ತೊಡಿಸಿ, "ಇದನ್ನ ಟೇಕ್ ಇನ್ ಮಾಡಿ ಅಂದ್ರೆ ಏನ್ಮಾಡ್ತೀರಿ?" ಅಂದ.

"ಮಳೆ ಬಂದ್ರೆ ಒಳಗೆ ತಗೊಂಡು ಹೋಗ್ತೀನಿ ಸಾರ್."

ಮೇಲ್ವಿಚಾರಕ ತಲೆ ಚಚ್ಚಿಕೊಂಡ. ಮೇಡಂ ಸೂಜಿಯಣ್ಣನನ್ನೇ ನೋಡಿದರು. ಅವರಿಗೆ ಗೊತ್ತಾಗಿಹೋಯಿತು. ಗೊತ್ತಾಗದವರ ಹಾಗೆ ಪುಸ್ತಕದ ಹಾಳೆ ತಿರುವಿದರು.

"ಹೋಗ್ಲಿ, ಟೇಕ್ ಅಪ್?"

"ಮಹಡಿ ಮೇಲೆ ಇಡ್ತೀನಿ ಸಾರ್."

ಮಾತು ಹೀಗೆ ಹಳ್ಳ ಹಿಡಿಯುತ್ತಿತ್ತು, ಆದರೆ ಕೈ? ಎದುರಿಗೆ ದೊಗಳೆ ಅಂಗಿ, ಪಕ್ಕದಲ್ಲಿ ಅದನ್ನು ತೊಡಬೇಕಾದ ಜೀವ. ಸೂಜಿಯಣ್ಣನ ಕಣ್ಣು ಒಮ್ಮೆ ಮೇಡಂ ಹೆಗಲಿನ ಅಳತೆ ತೆಗೆಯಿತು. ಬಾಯಿ ಸುಳ್ಳು ಹೊಡೆಯುತ್ತಿದ್ದಂತೆಯೇ ಬೆರಳು ಅಂಗಿಯ ಎರಡೂ ಪಕ್ಕ ಒಳಗೆ ಹಿಡಿದು ಸೂಜಿ ಚುಚ್ಚಿತು. ಟೇಕ್ ಅಪ್ ಅನ್ನುವಷ್ಟರಲ್ಲಿ ಅಂಚು ಮೇಲಕ್ಕೆ ಮಡಚಿ ಮತ್ತೊಂದು ಸೂಜಿ. ಅವನಿಗೆ ಅರಿವೇ ಇಲ್ಲ. ನಾನು ಕೆಮ್ಮಿದೆ. ಕೇಳಿಸಲಿಲ್ಲ.

ಮೇಲ್ವಿಚಾರಕ ಅಂಗಿಯ ಸುತ್ತ ಬಂದು ನೋಡಿ ನಕ್ಕ. "ಸಾಕು ಬಿಡಣ್ಣ. ಬಾಯಿ ಫೇಲು, ಕೈ ಪಾಸು."

ಸೂಜಿಯಣ್ಣ ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡ.

ಕೋಣೆಗೆ ಕಂಪ್ಯೂಟರ್ ಬಂದವು. ಬಾಗಿಲು ಹಾಕಿ ಒಳಗೆ ತಣ್ಣನೆ ಗಾಳಿ ಬಿಡುತ್ತಾರೆ. ನನ್ನ ಬೆಂಚಿಗೆ ಈಗ ಏನೂ ಕೇಳುವುದಿಲ್ಲ. ಸೂಜಿಯಣ್ಣ ಸಂಜೆ ಹೊತ್ತು ಈಗಲೂ ಮುಖ ತೊಳೆದು ತಲೆ ಬಾಚುತ್ತಾನೆ. ಆಮೇಲೆ ಎಲ್ಲಿಗೆ ಹೋಗಬೇಕೋ ತೋಚದೆ ಮತ್ತೆ ಯಂತ್ರದ ಮುಂದೆ ಕೂರುತ್ತಾನೆ.

ಆ ಅಂಗಿ ಅವನ ಅಂಗಡಿಯ ಮೊಳೆಗೆ ನೇತಾಡುತ್ತಿದೆ, ಅಂದು ಚುಚ್ಚಿದ ಸೂಜಿಗಳ ಸಮೇತ. ಒಂದು ಗಳಿಗೆಯ ಕೆಲಸ. ಆದರೆ ಹೊಲಿದುಬಿಟ್ಟರೆ ಮೇಡಂ ಒಯ್ದುಬಿಡುತ್ತಾರಲ್ಲ.

ಆಗೊಮ್ಮೆ ಈಗೊಮ್ಮೆ ಅವರು ಆ ದಾರಿಯಾಗಿ ಬರುತ್ತಾರೆ. ಮೆಟ್ಟಿಲ ಕೆಳಗೆ ಬಗ್ಗಿ, "ಆಯ್ತೇನ್ರೀ ಅಂಗಿ?" ಅನ್ನುತ್ತಾರೆ.

"ಇನ್ನೂ ಇಲ್ಲ ಮೇಡಂ. ಕೆಲಸ ಜಾಸ್ತಿ" ಅನ್ನುತ್ತಾನೆ ಸೂಜಿಯಣ್ಣ, ಖಾಲಿ ಯಂತ್ರದ ಮುಂದೆ ಕೂತು.

ಮೇಡಂ ಯಂತ್ರವನ್ನೂ ನೋಡುತ್ತಾರೆ, ಮೊಳೆಯನ್ನೂ ನೋಡುತ್ತಾರೆ.

"ಅವಸರ ಏನಿಲ್ಲ ಬಿಡಿ" ಅನ್ನುತ್ತಾರೆ.