ಅತ್ತೆ ಬರೆದ ಜ್ವರದ ಡೈರಿ

ಮೊದಲು ಮಾತು ಕೇಳದಾದದ್ದು ಬಲಗೈ ಬೆರಳುಗಳು.

ಹೊಸನಗರದ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸಲು ಕೂತರೆ ಬೆರಳು ಮಡಚಲಿಲ್ಲ. ಹತ್ತು ಗಂಟೆಯ ಮೇಲೆ ತಾನಾಗಿ ಸಡಿಲವಾಯಿತು. ಮರುದಿನವೂ ಹಾಗೇ. ತಿಂಗಳೊಳಗೆ ಗಂಟುಗಳು ಊದಿ, ನನ್ನ ತಲೆಯನ್ನು ಗಂಡ ಬಾಚುವ ಸ್ಥಿತಿ ಬಂತು. ಅವರು ಬಸ್ ಡ್ರೈವರ್. ಬಾಚಣಿಗೆಯನ್ನೂ ಗೇರ್ ಬದಲಿಸಿದಂತೆ ಎಳೆಯುತ್ತಿದ್ದರು.

ಶಿವಮೊಗ್ಗದ ಡಾಕ್ಟರ್ ಮೇಡಂ ರಿಪೋರ್ಟ್ ನೋಡಿದರು. "ರುಮಟಾಯ್ಡ್ ಆರ್ಥ್ರೈಟಿಸ್. ನಿಮ್ಮ ರೋಗನಿರೋಧಕ ಶಕ್ತಿ ನಿಮ್ಮ ಕೀಲುಗಳ ಮೇಲೇ ಬಿದ್ದಿದೆ."

ಪಕ್ಕದಲ್ಲಿದ್ದ ಅತ್ತೆ ತಲೆಯಾಡಿಸಿದರು. "ಮನೆಯವ್ರ ಮೇಲೇ ರೇಗೋದು ಇವಳಿಗೆ ಮೊದ್ಲಿಂದ್ಲೂ ಇದೆ ಡಾಕ್ಟ್ರೇ."

ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು. ಅದು ಆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ, ಹಾಗಾಗಿ ಇನ್ಫೆಕ್ಷನ್ ಬೇಗ ತಗಲಬಹುದು. ಈ ಮಾತ್ರೆ ನುಂಗುವವರ ಮೇಲೆ ಆಸ್ಪತ್ರೆಯಲ್ಲಿ ಒಂದು ಸ್ಟಡಿ ನಡೆಯುತ್ತಿತ್ತು. ಸೇರಿದೆ. ದಿನವೂ ಡೈರಿ ತುಂಬಬೇಕು: ಜ್ವರ, ಕೆಮ್ಮು, ಉರಿಮೂತ್ರ. ಭಾನುವಾರ ಪುಟದ ಫೋಟೊ ತೆಗೆದು ಸ್ಟಡಿಯ ಸಿಸ್ಟರ್‌ಗೆ ವಾಟ್ಸಾಪ್ ಮಾಡಬೇಕು. ನನಗೆ ಪೆನ್ನು ಹಿಡಿಯಲಾಗದ್ದರಿಂದ ಅತ್ತೆಯೇ ಬರೆಯುತ್ತಿದ್ದರು. ಅಡಿಯಲ್ಲಿ 'ಇತರೆ ವಿಷಯ' ಎಂದು ಖಾಲಿ ಜಾಗವಿತ್ತು. ಅವರಿಗೆ ಅದು ಸಾಲುತ್ತಲೇ ಇರಲಿಲ್ಲ.

ಮೂರನೇ ತಿಂಗಳಿಗೆ ಬೆರಳು ಮಡಚಿತು. ಅಂಗಡಿಯ ಬಾಗಿಲು ತೆರೆದೆ. ಡೈರಿ ಮಾತ್ರ ಅತ್ತೆಯ ಕೈಯಲ್ಲೇ ಉಳಿಯಿತು.

ಆಮೇಲೆ ಜ್ವರ ಬಂತು.

ಮದುವೆಯ ಸೀಸನ್, ರಾಶಿ ರವಿಕೆ ಬಾಕಿ. ಜ್ವರವೆಂದು ತಿಳಿದರೆ ಮಾತ್ರೆ ನಿಲ್ಲಿಸುತ್ತಾರೆ, ಬೆರಳು ಮತ್ತೆ ಬಿಗಿಯುತ್ತದೆ. ಆ ಹೆದರಿಕೆಯ ಮುಂದೆ ಜ್ವರ ದೊಡ್ಡದೆನಿಸಲಿಲ್ಲ. "ಎಂತದೂ ಇಲ್ಲ ಅಂತ ಬರೀರಿ ಅತ್ತೆ" ಎಂದೆ. ಅವರು ಬರೆದರು. ಓದದೆ ಫೋಟೊ ಕಳಿಸಿದೆ.

ಹತ್ತು ನಿಮಿಷದಲ್ಲಿ ಸಿಸ್ಟರ್ ಫೋನ್. ಸ್ಪೀಕರ್‌ಗೆ ಹಾಕಿದೆ.

"ಸುಜಾತಾ ಅವ್ರೇ, ಈಗ್ಲೇ ಹೊರಡಿ. ಇಲ್ಲಿ ಬರ್ದಿರೋದು ಓದ್ತೀನಿ: 'ಸೊಸೆಗೆ ಮೂರು ದಿನದಿಂದ ಚಳಿಜ್ವರ. ಇಲ್ಲವೆಂದು ಬರೆಯಲು ಹೇಳಿದಳು. ನಿನ್ನೆಯಿಂದ ಊಟ ಬಿಟ್ಟಿದ್ದಾಳೆ. ನಾನು ಬರೆದದ್ದೆಂದು ಅವಳಿಗೆ ತಿಳಿಯುವುದು ಬೇಡ.'"

ಅತ್ತೆ ಖಾಲಿ ಲೋಟ ಹಿಡಿದು ಒಳಗೆ ಹೊರಟರು.

"ಎಂತಕ್ಕೆ ಹಿಂಗ್ ಬರ್ದ್ರಿ?"

"ನೀ ಸತ್ರೆ ನಂಗೆ ರವಿಕೆ ಹೊಲಿಯೋರು ಯಾರೇ? ಬೇರೆಯವ್ರೆಲ್ಲ ತೋಳು ಬಿಗಿ ಮಾಡ್ತಾರೆ."

ಲೋಟ ಅಲ್ಲೇ ಇಟ್ಟು, ನನ್ನ ಆಸ್ಪತ್ರೆ ಚೀಟಿಗಳನ್ನು ಚೀಲಕ್ಕೆ ತುಂಬತೊಡಗಿದರು.

ಗಂಡ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಕಾರು ತಂದರು. ಮೂತ್ರದ ಇನ್ಫೆಕ್ಷನ್ ಕಿಡ್ನಿಗೆ ಏರಿತ್ತು. "ಇನ್ನೊಂದು ದಿನ ತಡ ಮಾಡಿದ್ರೆ ಐಸಿಯು" ಎಂದರು ಮೇಡಂ. ಒಂದು ವಾರ ಡ್ರಿಪ್, ಆಂಟಿಬಯೋಟಿಕ್. ಹೆದರಿದಂತೆಯೇ ಮಾತ್ರೆ ನಿಂತಿತು, ಬೆರಳು ಬಿಗಿಯಿತು. ರವಿಕೆಗಳನ್ನು ಎದುರಂಗಡಿಯ ಟೈಲರ್‌ಗೆ ಕೊಟ್ಟೆ. ಅವರು ಚೆನ್ನಾಗಿಯೇ ಹೊಲಿದರು. ಅದೇ ಹೆಚ್ಚು ಹೊಟ್ಟೆಯುರಿ.

ಈಗ ಮಾತ್ರೆ ಮತ್ತೆ ಶುರುವಾಗಿದೆ. ಬೆರಳು ಸ್ವಲ್ಪ ಸ್ವಲ್ಪವೇ ಬರುತ್ತಿದೆ. ಬೆಳಗಿನ ಹೊತ್ತು ಅತ್ತೆಯೇ ಗಂಜಿ ಕುಡಿಸುತ್ತಾರೆ. ನಿನ್ನೆ ನಾಲಿಗೆ ಸುಟ್ಟಿತು. ಸುಮ್ಮನೆ ನುಂಗಿದೆ.

"ಬಿಸಿ ಇದ್ರೆ ಹೇಳಕ್ಕೆ ಎಂತ ಆಗತ್ತೆ ನಿಂಗೆ?"

"ಬಿಸಿ ಇದೆ ಅತ್ತೆ."

"ಹಾಂ" ಎಂದು ಅವರು ಚಮಚಕ್ಕೆ ಊದತೊಡಗಿದರು.